ದೀಪಕ್ಕೊಂದು ಕಾವಲು



ಕಳೆದ ದೀಪಾವಳಿಗೆ ಬೆಂಗಳೂರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ರಾತ್ರಿ ಊಟವಾದ ಮೇಲೆ ಎಲ್ಲರೂ ಹೊರಗಿನ ಕೋಣೆಯಲ್ಲಿ ಮಾತನಾಡುತ್ತ ಕುಳಿತಿದ್ದೆವು. ನೀರು ಕುಡಿಯಲೆಂದು ಒಳಗೆ ಹೋದವನಿಗೆ ಮೊಮ್ಮಗಳ ಕೋಣೆಯಲ್ಲಿ ಒಂದು ಸುವಾಸನೆಯ ಮೇಣದಬತ್ತಿ ಉರಿಯುತ್ತಿರುವುದು ಕಂಡಿತು. ಪುಸ್ತಕದ ಕಪಾಟಿನ ಮೇಲೆ, ಕಿಟಕಿಯ ಪರದೆಗೆ ಒಂದು ಗೇಣು ಅಂತರದಲ್ಲಿ ಅದು ಉರಿಯುತ್ತಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ನಾನು ಅದನ್ನು ನಂದಿಸಿ ಬಂದು ನಾಲ್ಕು ಮಾತು ಗಟ್ಟಿಯಾಗಿಯೇ ಆಡಿದೆ. "ಅಜ್ಜಾ, ಅದು ಬರೇ ಕ್ಯಾಂಡಲ್. ಅದಕ್ಯಾಕ ಇಷ್ಟು ಸಿಟ್ಟು?" ಎಂದು ಮಗು ಕೇಳಿತು. ಅಂದು ನಾನು ಉತ್ತರ ಕೊಡಲಿಲ್ಲ. ಆ ಉತ್ತರ ಒಂದು ಮಾತಿನಲ್ಲಿ ಮುಗಿಯುವಂಥದಲ್ಲ. ಅದರಲ್ಲಿ ನಮ್ಮ ಸೀಮೆಯ ಇತಿಹಾಸವೂ ಇದೆ, ನನ್ನದೇ ಒಂದು ತಪ್ಪೂ ಇದೆ. ಎರಡನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮ ಬಾದಾಮಿಯ ಮೂರನೆಯ ಗುಹಾಲಯವನ್ನು ನೀವೆಲ್ಲ ನೋಡಿದ್ದೀರಿ. ನಿಮ್ಮಲ್ಲಿ ಹಲವರನ್ನು ಶಾಲೆಯ ಪ್ರವಾಸದಲ್ಲಿ ನಾನೇ ಕರೆದುಕೊಂಡು ಹೋಗಿದ್ದೇನೆ. ಚಾಲುಕ್ಯ ಮಂಗಳೇಶನ ಶಾಸನ ಅಲ್ಲಿದೆ. ಅದರ ಕಾಲ ಶಕವರ್ಷ 500, ಎಂದರೆ ಕ್ರಿ.ಶ. 578, ತಿಥಿ ಕಾರ್ತಿಕದ ಹುಣ್ಣಿಮೆ. ಕಾರ್ತಿಕವೆಂದರೆ ನಮ್ಮಲ್ಲಿ ಇಂದಿಗೂ ದೀಪಗಳ ಮಾಸ. ಬಂಡೆಯನ್ನು ಕೊರೆದು ಮಾಡಿದ ಆ ಗುಡಿಗಳ ಒಳಭಾಗಕ್ಕೆ ಹಗಲಿನಲ್ಲಿಯೂ ಬೆಳಕು ಕಡಿಮೆ. ಗರ್ಭಗುಡಿಯಲ್ಲಿ ಏನನ್ನಾದರೂ ಕಾಣಬೇಕಾದರೆ ದೀಪ ಬೇಕೇ ಬೇಕು. ಹಳಗನ್ನಡದಲ್ಲಿ ದೀಪಕ್ಕೆ ಸೊಡರು ಎಂದೂ ದೀವಿಗೆ ಎಂದೂ ಹೆಸರು. ಆರದೆ ಉರಿಯಬೇಕಾದ ದೀಪವೇ ನಂದಾದೀವಿಗೆ.

ಈ ನಂದಾದೀವಿಗೆ ಎಂಬ ಮಾತು ಕನ್ನಡ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದೇವರ ಮುಂದೆ ಒಂದು ದೀಪ ಸದಾಕಾಲ ಉರಿಯಲೆಂದು ಅರಸರು, ಅಧಿಕಾರಿಗಳು, ವರ್ತಕರು ದತ್ತಿ ಬಿಡುತ್ತಿದ್ದರು. ಕೆಲವರು ಭೂಮಿ ಕೊಟ್ಟರು, ಕೆಲವರು ಗಾಣಗಳಿಂದ ಇಂತಿಷ್ಟು ಎಣ್ಣೆ ಸಲ್ಲಬೇಕೆಂದು ಕಟ್ಟಳೆ ಮಾಡಿದರು. ಎಣ್ಣೆ ತೆಗೆಯುವ ತೆಲ್ಲಿಗರು 'ತೆಲ್ಲಿಗರಯ್ವತ್ತೊಕ್ಕಲು' ಎಂಬ ಸಂಘ ಕಟ್ಟಿಕೊಂಡು ದೀಪದ ಎಣ್ಣೆಯನ್ನು ದಾನ ಮಾಡಿದ ಉಲ್ಲೇಖಗಳು ಸಿಗುತ್ತವೆ. ದಕ್ಷಿಣ ಭಾರತದುದ್ದಕ್ಕೂ ಹೆಸರಾಗಿದ್ದ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕ ಸಂಘ ನಮ್ಮ ಹುನಗುಂದ ತಾಲ್ಲೂಕಿನ ಐಹೊಳೆಯ ಹೆಸರನ್ನೇ ಹೊತ್ತಿತ್ತು ಎಂಬುದನ್ನು ತರಗತಿಯಲ್ಲಿ ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೇ ಆಗುತ್ತಿತ್ತು.

ಆದರೆ ಒಂದು ಸಂಗತಿಯನ್ನು ನಾನು ತರಗತಿಯಲ್ಲಿ ಬಹಳ ವರ್ಷ ಹೇಳಲಿಲ್ಲ, ಏಕೆಂದರೆ ನನಗೇ ಹೊಳೆದಿರಲಿಲ್ಲ. ಎಣ್ಣೆ ಇದ್ದ ಮಾತ್ರಕ್ಕೆ ದೀಪ ಉರಿಯುತ್ತಲೇ ಇರುವುದಿಲ್ಲ. ಬತ್ತಿಯ ತುದಿಯಲ್ಲಿ ಕುಡಿ ಕಟ್ಟುತ್ತದೆ, ಅದನ್ನು ತೆಗೆಯಬೇಕು. ಬತ್ತಿ ಸುಟ್ಟು ಕಿರಿದಾದಂತೆ ಮುಂದಕ್ಕೆ ಸರಿಸಬೇಕು. ಎಣ್ಣೆ ಇಳಿದಂತೆ ಹೊಯ್ಯಬೇಕು. ಗಾಳಿ ಬೀಸಿದರೆ ಮರೆ ಹಿಡಿಯಬೇಕು. ಇಲಿ ಬಂದು ಎಣ್ಣೆಬತ್ತಿಯನ್ನು ಎಳೆದೊಯ್ಯದಂತೆ ನೋಡಿಕೊಳ್ಳಬೇಕು. ನಂದಾದೀವಿಗೆ ಎಂದರೆ ಹಗಲೂ ಇರುಳೂ ಅದರ ಹತ್ತಿರ ಒಬ್ಬ ಮನುಷ್ಯ ಇರಬೇಕು ಎಂದು ಅರ್ಥ. ಆರದ ದೀಪವನ್ನು ಬಯಸಿದವರು ಅದನ್ನು ನೋಡಿಕೊಳ್ಳುವ ಕೈಗೂ ವ್ಯವಸ್ಥೆ ಮಾಡಲೇಬೇಕಾಗಿತ್ತು.

ದೀಪವಿಡುವ ಸ್ಥಳದಲ್ಲಿಯೂ ಹಿರಿಯರ ಎಚ್ಚರ ಕಾಣುತ್ತದೆ. ಬನಶಂಕರಿಯ ಹೊಂಡದ ದಂಡೆಯ ಮೇಲಿನ ದೀಪಸ್ತಂಭವನ್ನು ನೆನಪಿಸಿಕೊಳ್ಳಿರಿ. ಬನದ ಹುಣ್ಣಿಮೆಯ ಜಾತ್ರೆಗೆ ಹೋದವರೆಲ್ಲ ಅದನ್ನು ಕಂಡವರೇ. ಕಲ್ಲಿನ ಗೋಪುರದ ಸುತ್ತ ದೀಪಕ್ಕೊಂದರಂತೆ ಗೂಡುಗಳು. ಗೂಡಿನ ಮೂರು ಕಡೆಯೂ ಮೇಲೆಯೂ ಕಲ್ಲು. ಅದಕ್ಕೆ ಗಾಳಿಯೂ ತಾಗದು, ಅದರಿಂದ ಬೆಂಕಿಯೂ ಹಬ್ಬದು. ನಮ್ಮ ಮನೆಗಳ ಗೋಡೆಯಲ್ಲಿದ್ದ ದೀಪದ ಮಾಡವೂ ಇದೇ ಲೆಕ್ಕದ್ದು. ದಪ್ಪ ಮಣ್ಣುಗೋಡೆಯಲ್ಲಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಗೂಟಕ್ಕೆ ನೇತುಹಾಕಿದ ಬಟ್ಟೆಗಳಿಂದ ದೂರದಲ್ಲಿ ಆ ಮಾಡ ಇರುತ್ತಿತ್ತು. ಅದರ ಮೇಲ್ಭಾಗದ ಕರಿ ಮಸಿ ನಮ್ಮ ಬಾಲ್ಯದ ಮನೆಗಳ ಗುರುತು.

ಆ ದೀಪಗಳ ಎಣ್ಣೆಯೂ ಸೌಮ್ಯವಾದದ್ದು. ಔಡಲೆಣ್ಣೆ, ಕುಸುಬಿ ಎಣ್ಣೆ, ಬೇವಿನ ಎಣ್ಣೆ ಇವುಗಳಿಗೆ ಬತ್ತಿಯಿಲ್ಲದೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲ. ಪಣತಿ ಉರುಳಿದರೆ ಎಣ್ಣೆ ಚೆಲ್ಲಿ ಬಹುಮಟ್ಟಿಗೆ ದೀಪವೇ ಆರಿಹೋಗುತ್ತಿತ್ತು. ಅಪಾಯವಿರಲಿಲ್ಲವೆಂದಲ್ಲ. ಕಣಿಕೆಯ ಬಣವಿಗಳು ಹೊತ್ತಿ ಉರಿದದ್ದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಆದರೂ ಸಣ್ಣ ಅಲಕ್ಷ್ಯವನ್ನು ಆ ಎಣ್ಣೆ ಎಷ್ಟೋ ಸಲ ಕ್ಷಮಿಸುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇದೆಲ್ಲ ಬದಲಾಯಿತು. 1840-50ರ ದಶಕಗಳಲ್ಲಿ ಕೆನಡಾದ ಅಬ್ರಹಾಂ ಗೆಸ್ನರ್, ಪೋಲೆಂಡಿನ ಇಗ್ನಾಸಿ ಲುಕಾಸಿವಿಚ್ ಮೊದಲಾದವರ ಪ್ರಯತ್ನದಿಂದ ಸೀಮೆಎಣ್ಣೆಯೂ ಅದಕ್ಕೆ ಹೊಂದುವ ದೀಪವೂ ಬಳಕೆಗೆ ಬಂದವು. ಕೆಲವೇ ದಶಕಗಳಲ್ಲಿ ಆ ಎಣ್ಣೆ ತಗಡಿನ ಡಬ್ಬಿಗಳಲ್ಲಿ ಜಗತ್ತನ್ನು ಸುತ್ತಿತು. ನಮ್ಮ ಬಾಗಲಕೋಟೆ, ಬಾದಾಮಿಗಳು ಆಗ ಮುಂಬಯಿ ಪ್ರಾಂತದಲ್ಲಿದ್ದವು. 1880ರ ದಶಕದಲ್ಲಿ ಹೋಟಗಿ-ಗದಗ ರೈಲುಮಾರ್ಗ ಈ ಊರುಗಳ ಮೇಲಿಂದಲೇ ಹಾದುಹೋದುದರಿಂದ ಹೊರಗಿನ ಸರಕು ಇಲ್ಲಿಗೆ ಬರುವುದು ಸುಲಭವಾಯಿತು. ನಾವು ಅದನ್ನು ಚಿಮಣಿ ಎಣ್ಣೆ ಎಂದೆವು, ಕೆಲವರು ಗ್ಯಾಸಲೇಟ್ ಎಣ್ಣೆ ಎಂದರು. ಬೆಳಕು ಹೆಚ್ಚಿತು, ಖರ್ಚು ಇಳಿಯಿತು. ಆದರೆ ಈ ಎಣ್ಣೆ ಹಳೆಯದರಂತೆ ಕ್ಷಮಿಸುವಂಥದಲ್ಲ. ಸುಮಾರು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಅದರಿಂದ ಹೊತ್ತಿಕೊಳ್ಳಬಲ್ಲ ಆವಿ ಏಳತೊಡಗುತ್ತದೆ. ನಮ್ಮ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದ ಬಿಸಿಲೇ ಅಷ್ಟಿರುತ್ತದೆ. ಮಸಿಕುಡಿಕೆಯ ಮುಚ್ಚಳಕ್ಕೆ ತೂತು ಮಾಡಿ ಬತ್ತಿ ಏರಿಸಿದ ಬುಡ್ಡಿ ಉರುಳಿತೆಂದರೆ ಎಣ್ಣೆ ಹರಿದಷ್ಟು ದೂರ ಬೆಂಕಿಯೂ ಹರಿಯುತ್ತಿತ್ತು.

ಆದ್ದರಿಂದ ದೀಪಕ್ಕೆ ಹೊಸ ಕಾವಲು ಬೇಕಾಯಿತು. ಅದೇ ಕಂದೀಲು. ಗಾಜು ಗಾಳಿಯನ್ನು ತಡೆಯುತ್ತದೆ, ತಂತಿಯ ಪಂಜರ ಗಾಜನ್ನು ಕಾಯುತ್ತದೆ, ಮೇಲಿನ ಹಿಡಿಕೆ ಕೈಯನ್ನು ಕಾಯುತ್ತದೆ. ಕರಾಡದ ಬಳಿಯ ಓಗಲೆವಾಡಿಯ ಓಗಲೆ ಗಾಜಿನ ಕಾರ್ಖಾನೆಯವರು ಸ್ವದೇಶಿ ಭಾವನೆಯಿಂದ ತಯಾರಿಸಿದ 'ಪ್ರಭಾಕರ' ಕಂದೀಲು ನಮ್ಮ ಮನೆಯಲ್ಲಿಯೂ ಇತ್ತು. ಸಂಜೆ ಅದರ ಗಾಜನ್ನು ಬೂದಿ ಹಚ್ಚಿ ಒರೆಸುವುದು 1950ರ ದಶಕದಲ್ಲಿ ನನ್ನ ಪಾಲಿನ ಕೆಲಸ. ಅವ್ವನ ಕಟ್ಟಳೆಗಳು ಕಠಿಣವಾಗಿದ್ದವು. ಎಣ್ಣೆಯನ್ನು ಹಗಲು ಬೆಳಕಿನಲ್ಲಿಯೇ ತುಂಬಬೇಕು. ಉರಿಯುವ ದೀಪಕ್ಕೆ ಎಣ್ಣೆ ಹಾಕಕೂಡದು. ಬತ್ತಿಯನ್ನು ನೇರವಾಗಿ ಕತ್ತರಿಸಬೇಕು, ಇಲ್ಲವಾದರೆ ಗಾಜು ಒಂದೇ ಕಡೆ ಮಸಿಯಾಗಿ ಸಿಡಿಯುತ್ತದೆ. ಮಲಗುವ ಮುನ್ನ ದೀಪವನ್ನು ಶಾಂತ ಮಾಡಬೇಕು. 'ಆರಿಸು' ಎಂಬ ಅಶುಭದ ಮಾತನ್ನು ಅವಳು ಎಂದೂ ಆಡಲಿಲ್ಲ. ದೇವರ ಮುಂದಿನ ಪಣತಿಯನ್ನು ಬಾಯಿಂದ ಊದಲೂ ಬಿಡುತ್ತಿರಲಿಲ್ಲ, ಬತ್ತಿಯನ್ನು ಎಣ್ಣೆಯೊಳಗೆ ಜಾರಿಸುತ್ತಿದ್ದಳು. ಅದು ಕೇವಲ ಶಾಸ್ತ್ರವೆಂದು ತಿಳಿದಿದ್ದೆ. ಊದಿದರೆ ಬಿಸಿ ಎಣ್ಣೆಯೂ ಕಿಡಿಯೂ ಹಾರುತ್ತವೆ ಎಂಬ ವ್ಯವಹಾರಜ್ಞಾನವೂ ಅದರಲ್ಲಿತ್ತೆಂದು ಬಹಳ ತಡವಾಗಿ ತಿಳಿಯಿತು.

ಇನ್ನು ಮೇಣದಬತ್ತಿಯ ವಿಷಯ. ಅದು ನಮ್ಮ ಸೀಮೆಯ ನಿತ್ಯದ ದೀಪವಲ್ಲ. ಯುರೋಪಿನಲ್ಲಿ ಬಹುಕಾಲ ಬಡವರು ಪ್ರಾಣಿಗಳ ಕೊಬ್ಬಿನ ಬತ್ತಿಯನ್ನೂ ಉಳ್ಳವರು ಮತ್ತು ಚರ್ಚುಗಳು ಜೇನುಮೇಣದ ಬತ್ತಿಯನ್ನೂ ಉರಿಸುತ್ತಿದ್ದರು. ಕೊಬ್ಬಿನ ಬತ್ತಿಯ ಕರಕಲು ತುದಿಯನ್ನು ಆಗಾಗ ಕತ್ತರಿಸುತ್ತಲೇ ಇರಬೇಕಾಗಿತ್ತು. ಅದಕ್ಕೆಂದೇ ಒಂದು ಬಗೆಯ ಕತ್ತರಿ ಮನೆಮನೆಯಲ್ಲಿಯೂ ಇರುತ್ತಿತ್ತು. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಹೆಣೆದ ನೂಲಿನ ಬತ್ತಿ ಬಂದಿತು. ಅದು ಉರಿಯುತ್ತ ಒಂದು ಬದಿಗೆ ಬಾಗಿ ಜ್ವಾಲೆಯ ಹೊರ ಅಂಚಿನಲ್ಲಿ ತಾನೇ ಸುಟ್ಟು ಬೂದಿಯಾಗುತ್ತದೆ. 1850ರ ನಂತರ ಅಗ್ಗದ ಪ್ಯಾರಾಫಿನ್ ಮೇಣ ಬಂದಿತು. ಮನುಷ್ಯ ಮಾಡುತ್ತಿದ್ದ ಕಾವಲಿನ ಒಂದು ಭಾಗವನ್ನು ಬತ್ತಿಯೇ ಮಾಡತೊಡಗಿದ್ದರಿಂದ ಮೇಣದಬತ್ತಿಯನ್ನು ಹಚ್ಚಿಟ್ಟು ಮರೆತುಬಿಡುವ ಅಭ್ಯಾಸಕ್ಕೂ ದಾರಿಯಾಯಿತು.

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಮಕ್ಕಳಿಗಾಗಿ ಮೇಣದಬತ್ತಿಯ ಮೇಲೆಯೇ ಆರು ಉಪನ್ಯಾಸಗಳನ್ನು ಕೊಟ್ಟನು. 1860-61ರ ಆ ಉಪನ್ಯಾಸಗಳು 1861ರಲ್ಲಿ ಪುಸ್ತಕವಾದವು. ಉರಿಯುವುದು ಮೇಣದ ಗಟ್ಟಿಯಲ್ಲ, ಕರಗಿದ ಮೇಣ ಬತ್ತಿಯ ಮೂಲಕ ಮೇಲೇರಿ ಆವಿಯಾಗಿ ಆ ಆವಿ ಉರಿಯುತ್ತದೆ ಎಂಬುದನ್ನು ಅವನು ಮಕ್ಕಳ ಕಣ್ಣೆದುರು ತೋರಿಸಿದನು. ಆಗತಾನೆ ಆರಿಸಿದ ಬತ್ತಿಯಿಂದ ಏಳುವ ಬಿಳಿ ಹೊಗೆಗೆ ಕಡ್ಡಿ ಹಿಡಿದರೆ ಜ್ವಾಲೆ ಆ ಹೊಗೆಯ ಮೂಲಕ ಜಿಗಿದು ಬತ್ತಿಗೆ ಮರಳುತ್ತದೆ. ಈ ಪ್ರಯೋಗವನ್ನು ನಾನು ತರಗತಿಯಲ್ಲಿ ಮಾಡುತ್ತಿದ್ದುದು ನಿಮಗೆ ನೆನಪಿರಬಹುದು. ಅದನ್ನು ಪ್ರತಿವರ್ಷ ತಪ್ಪದೆ ಏಕೆ ಮಾಡುತ್ತಿದ್ದೆನೆಂಬುದನ್ನು ಮಾತ್ರ ನಿಮಗೆ ಹೇಳಿರಲಿಲ್ಲ.

ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿದ್ದು 1902ರಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ಅದು 1905ರಲ್ಲಿಯೇ ಬೆಳಗಿತು. ನಮ್ಮ ಸೀಮೆಯ ಹಳ್ಳಿಗಳು ಅನೇಕ ದಶಕ ಕಾಯಬೇಕಾಯಿತು. ಬಂದ ಮೇಲೂ ಅದು ನಂಬಬಹುದಾದ ನೆಂಟನಾಗಿರಲಿಲ್ಲ. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಆರಂಭವಾಗುವವರೆಗೆ ರಾಜ್ಯದ ವಿದ್ಯುತ್ತೆಲ್ಲ ಬಹುತೇಕ ಜಲಾಶಯಗಳ ನೀರಿನಿಂದಲೇ ಬರಬೇಕಾಗಿತ್ತು. ಮಳೆ ಕೈಕೊಟ್ಟ ವರ್ಷ ಬೇಸಗೆಯಲ್ಲಿ ಕಡಿತ ತಪ್ಪುತ್ತಿರಲಿಲ್ಲ. ಪರೀಕ್ಷೆಗಳು ನಡೆಯುವುದೂ ಅದೇ ಕಾಲದಲ್ಲಿ. ಕಂದೀಲುಗಳು ಅಟ್ಟ ಸೇರಿದ್ದವು, ಹೀಗಾಗಿ ಅಂಗಡಿಯ ಮೇಣದಬತ್ತಿ ನಮ್ಮ ಮನೆಗಳಿಗೆ ಬಂದಿತು. ಅದರ ಜೊತೆಗೆ ಮಾಡವೂ ಬರಲಿಲ್ಲ, ಗಾಜೂ ಬರಲಿಲ್ಲ, ಅವ್ವನ ಕಟ್ಟಳೆಯೂ ಬರಲಿಲ್ಲ.

1980ರ ದಶಕದ ಆರಂಭದ ಒಂದು ಮಾರ್ಚ್ ತಿಂಗಳು. ನಾನು ಆಗ ಇಳಕಲ್ಲಿನಲ್ಲಿದ್ದೆ. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಿತ್ತು, ಸಂಜೆಯಾದರೆ ಕರೆಂಟು ಇರುತ್ತಿರಲಿಲ್ಲ. ಮನೆಯಲ್ಲಿ ಅನುಕೂಲವಿಲ್ಲದ ಏಳೆಂಟು ಹುಡುಗರಿಗೆ ನಾನು ನನ್ನ ಸಂಬಳದಲ್ಲಿ ಒಂದೊಂದು ಪೊಟ್ಟಣ ಮೇಣದಬತ್ತಿ ಕೊಡಿಸಿದೆ. ಓದಿರಿ, ಒಂದು ದಿನವೂ ವ್ಯರ್ಥ ಮಾಡಬೇಡಿರಿ ಎಂದೆ. ಬೇರೆ ಏನನ್ನೂ ಹೇಳಲಿಲ್ಲ. ಒಳ್ಳೆಯ ಕೆಲಸ ಮಾಡಿದೆನೆಂಬ ತೃಪ್ತಿಯಲ್ಲಿ ಮನೆಗೆ ಹೋದೆ.

ಅವರಲ್ಲಿ ಒಬ್ಬ ನೇಕಾರರ ಮನೆಯ ಹುಡುಗ. ಇಳಕಲ್ ಸೀರೆಯ ಕುಣಿಮಗ್ಗವಿರುವ ಮನೆ ಹೇಗಿರುತ್ತದೆಂಬುದು ನಿಮಗೆ ಗೊತ್ತು. ಅರ್ಧ ಮನೆ ಮಗ್ಗದ್ದು, ಉಳಿದರ್ಧದಲ್ಲಿ ಸಂಸಾರ. ಹಾಸಿನ ಎಳೆಗಳನ್ನು ಉದ್ದಕ್ಕೆ ಬಿಗಿದು, ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಒಂದೊಂದೇ ಎಳೆ ಸಿಕ್ಕಿಸಿ ಜೋಡಿಸುತ್ತಾರೆ. ಅದೇ ಪ್ರಸಿದ್ಧವಾದ ಕೊಂಡಿ. ಆ ಕೆಲಸ ಬಹಳ ತಾಳ್ಮೆಯದು, ಅದರಲ್ಲಿ ಹೆಚ್ಚಿನದು ಮನೆಯ ಹೆಣ್ಣುಮಕ್ಕಳ ಕೈಯದು. ಹುಡುಗ ಓದಲು ಕುಳಿತಿದ್ದು ಮಗ್ಗದ ಮಗ್ಗುಲಲ್ಲಿ. ಮೇಣದಬತ್ತಿಯ ಬುಡವನ್ನು ಕರಗಿಸಿ ಮಗ್ಗದ ಕಟ್ಟಿಗೆಯ ಮೇಲೆಯೇ ಅಂಟಿಸಿದ್ದ. ಓದುತ್ತ ಓದುತ್ತ ನಿದ್ದೆ ಹೋದ. ಬತ್ತಿ ಕೆಳಗೆ ಇಳಿಯಿತು, ಮೇಣ ಹರಿಯಿತು, ಜ್ವಾಲೆ ಹಾಸಿಗೆ ತಾಗಿತು. ಹತ್ತಿಯೂ ಕೃತಕ ರೇಷ್ಮೆಯೂ ಒಣಹುಲ್ಲಿನಂತೆ ಹೊತ್ತಿಕೊಳ್ಳುವ ವಸ್ತುಗಳು. ಹುಡುಗನ ತಾಯಿ ಎಚ್ಚರಗೊಂಡು ಕೌದಿ ಹೊಚ್ಚಿ ಬೆಂಕಿಯನ್ನು ತಡೆದಳು. ಹುಡುಗನಿಗೆ ಏನೂ ಆಗಲಿಲ್ಲ. ತಾಯಿಯ ಬಲಗೈ ಮುಂಗೈಯವರೆಗೆ ಸುಟ್ಟಿತು. ಹಾಸು ಪೂರ್ತಿ ಹೋಯಿತು.

ಮರುದಿನ ನಾನು ಅವರ ಮನೆಗೆ ಹೋದೆ. ನೂಲು ಅವರ ಸ್ವಂತದ್ದಲ್ಲ, ಸಾಹುಕಾರರು ಕೊಟ್ಟದ್ದು. ಅದರ ಬೆಲೆ ಕೂಲಿಯಲ್ಲಿ ಮುರಿಯುತ್ತಿತ್ತು. ಕೊಂಡಿ ಸಿಕ್ಕಿಸುತ್ತಿದ್ದ ಕೈಗೆ ಬಟ್ಟೆ ಸುತ್ತಿತ್ತು. ಸುಟ್ಟ ಕೂಡಲೇ ಯಾರೋ ಅದರ ಮೇಲೆ ಮಸಿ ಸುರಿದಿದ್ದರು, ಅದರಿಂದ ಗಾಯ ಎಷ್ಟಿದೆಯೆಂಬುದೇ ಕಾಣದಂತಾಗಿತ್ತು. ನಾನು ಸ್ವಲ್ಪ ಹಣ ಕೊಡಲು ಹೋದೆ. ಹುಡುಗನ ತಂದೆ ತೆಗೆದುಕೊಳ್ಳಲಿಲ್ಲ. ಸಿಟ್ಟನ್ನೂ ಮಾಡಲಿಲ್ಲ. "ನೀವು ಬೆಳಕು ಕೊಟ್ರಿ ಮಾಸ್ತರ್ರ. ಕಾಯೋದನ್ನ ಹೇಳಿಕೊಡಲಿಲ್ರಿ" ಎಂದಷ್ಟೇ ಹೇಳಿದರು. ನನ್ನ ಸೇವಾವಧಿಯಲ್ಲಿ ಅಧಿಕಾರಿಗಳು ಬರೆದ ಯಾವ ವರದಿಯೂ ನನ್ನನ್ನು ಅಷ್ಟು ನಾಟಿದ್ದಿಲ್ಲ.

ಆ ತಾಯಿಯ ಕೈ ಗುಣವಾಗಲು ಎರಡು ತಿಂಗಳು ಹಿಡಿಯಿತು. ಎರಡು ಬೆರಳು ಮೊದಲಿನಂತೆ ಮಡಚಲು ಬರಲಿಲ್ಲ, ಕೊಂಡಿಯ ಕೆಲಸವನ್ನು ಮಗಳು ವಹಿಸಿಕೊಳ್ಳಬೇಕಾಯಿತು. ಹುಡುಗ ಆ ವರ್ಷ ಪರೀಕ್ಷೆಗೆ ಕುಳಿತ, ತೇರ್ಗಡೆಯೂ ಆದ. ಇದನ್ನು ಅವನು ಓದುತ್ತಿದ್ದರೆ ಒಂದು ಮಾತು ಹೇಳಬೇಕಾಗಿದೆ. ಅಂದು ನೀನು ನಿನ್ನನ್ನೇ ಬಯ್ದುಕೊಂಡು ಅತ್ತಿದ್ದೆ. ತಪ್ಪು ನಿನ್ನದಾಗಿರಲಿಲ್ಲ, ಅದು ನನ್ನದು. ಇದನ್ನು ಅಂದೇ ಹೇಳಬೇಕಾಗಿತ್ತು.

ಅಂದಿನಿಂದ ನಿವೃತ್ತಿಯವರೆಗೆ ಪ್ರತಿವರ್ಷ ಮೇಣದಬತ್ತಿಯ ಪಾಠ ಮಾಡಿದೆ. ಫ್ಯಾರಡೆ ತೋರಿಸಿದ್ದನ್ನು ತೋರಿಸಿದ ಮೇಲೆ ಅವ್ವನ ಕಟ್ಟಳೆಗಳನ್ನೂ ಹೇಳುತ್ತಿದ್ದೆ. ಈಗ ಕರೆಂಟು ಹೋದರೆ ಇನ್ವರ್ಟರ್ ಇದೆ, ಎಲ್‌ಇಡಿ ದೀಪವಿದೆ, ಮೊಬೈಲಿನ ಬೆಳಕಿದೆ. ಕತ್ತಲೆಗಾಗಿ ಮೇಣದಬತ್ತಿ ಹಚ್ಚುವ ಅಗತ್ಯ ಬಹುಮಟ್ಟಿಗೆ ಇಲ್ಲ, ಹಚ್ಚದಿದ್ದರೆ ಅದೇ ಉತ್ತಮ. ಆದರೆ ಹುಟ್ಟುಹಬ್ಬಕ್ಕೆ, ಅಲಂಕಾರಕ್ಕೆ, ಸುವಾಸನೆಗೆ, ಹಬ್ಬಕ್ಕೆ ನೀವು ಹಚ್ಚುತ್ತೀರಿ. ಆದ್ದರಿಂದ ಆ ಪಾಠವನ್ನು ಇಲ್ಲಿ ಮತ್ತೊಮ್ಮೆ ಹೇಳುತ್ತೇನೆ.

ಹಚ್ಚುವ ಮುನ್ನ ಬತ್ತಿಯನ್ನು ಕಾಲು ಅಂಗುಲಕ್ಕೆ, ಎಂದರೆ ಸುಮಾರು 6 ಮಿಲಿಮೀಟರಿಗೆ ಕತ್ತರಿಸಿರಿ. ಉದ್ದ ಬತ್ತಿ ಹೆಚ್ಚು ಮೇಣವನ್ನು ಎಳೆದು ದೊಡ್ಡ ಜ್ವಾಲೆಯನ್ನೂ ಮಸಿಯನ್ನೂ ಕೊಡುತ್ತದೆ. ಕತ್ತರಿಸಿದ ತುಣುಕು, ಕಡ್ಡಿಯ ಚೂರು ಮೇಣದೊಳಗೆ ಬೀಳಬಾರದು, ಅವೇ ಎರಡನೆಯ ಬತ್ತಿಯಾಗುತ್ತವೆ. ಬತ್ತಿಯನ್ನು ಮೇಜಿಗೆ, ಪುಸ್ತಕಕ್ಕೆ, ಪ್ಲಾಸ್ಟಿಕ್ ಮುಚ್ಚಳಕ್ಕೆ ಅಂಟಿಸಬೇಡಿರಿ. ಅಗಲವಾದ ಸ್ಟೀಲಿನ ಅಥವಾ ಪಿಂಗಾಣಿಯ ತಟ್ಟೆಯಲ್ಲಿ ಅಲುಗಾಡದಂತೆ ನಿಲ್ಲಿಸಿರಿ. ಸುತ್ತಲೂ ಒಂದು ಅಡಿ, ಮೇಲಕ್ಕೆ ಅದಕ್ಕಿಂತ ಹೆಚ್ಚು ಅಂತರ ಖಾಲಿ ಇರಲಿ. ಪರದೆ, ಹಾಸಿಗೆ, ಕಾಗದದ ಅಲಂಕಾರ ಹತ್ತಿರವಿರಬಾರದು. ಫ್ಯಾನಿನ ಗಾಳಿ ತಾಗಬಾರದು. ಮೇಣ ಕರಗಿರುವಾಗ ಬತ್ತಿಯನ್ನು ಎತ್ತಿ ಒಯ್ಯಬೇಡಿರಿ. ಗಾಜಿನ ಪಾತ್ರೆಯದಾದರೆ ತಳದಲ್ಲಿ ಅರ್ಧ ಅಂಗುಲ ಮೇಣ ಉಳಿದಾಗಲೇ ನಿಲ್ಲಿಸಿರಿ, ಇಲ್ಲವಾದರೆ ಗಾಜು ಕಾದು ಸೀಳುತ್ತದೆ.

ಮೇಣಕ್ಕೇ ಬೆಂಕಿ ಹತ್ತಿದರೆ ನೀರು ಹಾಕಬೇಡಿರಿ. ನೀರು ಭಾರವಾದ್ದರಿಂದ ಮೇಣದ ತಳಕ್ಕಿಳಿದು ಕ್ಷಣದಲ್ಲಿ ಹಬೆಯಾಗಿ ಉರಿಯುವ ಮೇಣವನ್ನು ಸುತ್ತಲೂ ಸಿಡಿಸುತ್ತದೆ. ಲೋಹದ ಮುಚ್ಚಳವನ್ನು ಮುಚ್ಚಿ ಗಾಳಿ ತಡೆಯಿರಿ. ಗ್ಯಾಸಿನ ವಾಸನೆ ಬಂದಾಗ ಕಡ್ಡಿ ಗೀರುವ ಮಾತೇ ಬೇಡ. 2020ರ ಏಪ್ರಿಲ್ 5ರ ರಾತ್ರಿ ದೇಶವೆಲ್ಲ ದೀಪ ಹಚ್ಚಿದಾಗ, ಮದ್ಯಸಾರವಿರುವ ಸ್ಯಾನಿಟೈಸರ್ ಹಚ್ಚಿದ ಕೈಯಿಂದ ದೀಪ ಮುಟ್ಟಬಾರದೆಂದು ಎಚ್ಚರಿಸಿದ್ದು ನೆನಪಿರಲಿ, ಆ ಎಚ್ಚರ ಇಂದಿಗೂ ಸಲ್ಲುತ್ತದೆ. ದೀಪಾವಳಿಯಲ್ಲಿ ಪಣತಿಯ ಸಾಲಿನ ಬಳಿ ಓಡಾಡುವಾಗ ಸೆರಗನ್ನೂ ದುಪಟ್ಟಾವನ್ನೂ ಸಿಕ್ಕಿಸಿಕೊಳ್ಳಿರಿ. ನೈಲಾನು, ಪಾಲಿಯೆಸ್ಟರು ಕರಗಿ ಮೈಗೆ ಅಂಟುತ್ತವೆ. ಆಕಾಶಬುಟ್ಟಿಯೊಳಗೆ ಮೇಣದಬತ್ತಿಯ ಬದಲು ಎಲ್‌ಇಡಿ ದೀಪವಿರಲಿ.

ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಉಂಗುರ, ಬಳೆಗಳನ್ನು ಊತ ಬರುವ ಮೊದಲೇ ತೆಗೆಯಿರಿ. ಮಸಿ, ಟೂತ್‌ಪೇಸ್ಟ್, ತುಪ್ಪ, ಅರಿಸಿನ ಏನನ್ನೂ ಹಚ್ಚಬೇಡಿರಿ. ಶುಚಿಯಾದ ಬಟ್ಟೆ ಮುಚ್ಚಿ ವೈದ್ಯರಲ್ಲಿಗೆ ಹೋಗಿರಿ. ಇದು ಅಂದು ಆ ಮನೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ, ಆ ಎರಡು ಬೆರಳು ಉಳಿಯುತ್ತಿದ್ದವೇನೋ ಎಂದು ನನಗೆ ಇಂದಿಗೂ ಅನಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದೇ. ನೀವು ಕೋಣೆಯಿಂದ ಹೊರಗೆ ಬರುವಾಗ ದೀಪ ಶಾಂತವಾಗಿರಬೇಕು. ನಿದ್ದೆ ಬರುತ್ತಿದ್ದರೂ ಹಾಗೆಯೇ.

ಹಳೆಯ ಬಾಗಲಕೋಟೆಯಲ್ಲಿ ನಮ್ಮ ಸೋದರಮಾವನ ಮನೆಯಿತ್ತು. ಅದರ ಪಡಸಾಲೆಯ ಗೋಡೆಯಲ್ಲಿ ಒಂದು ಸುಂದರವಾದ ದೀಪದ ಮಾಡವಿತ್ತು. ಆಲಮಟ್ಟಿಯ ಹಿನ್ನೀರಿಗಾಗಿ ಆ ಓಣಿಯವರೆಲ್ಲ ಮನೆಗಳನ್ನು ಬಿಟ್ಟು ನವನಗರಕ್ಕೆ ಹೋದರು. ಆ ಅಣೆಕಟ್ಟಿನ ಬಳಿಯ ವಿದ್ಯುದಾಗಾರದ ಸಾಮರ್ಥ್ಯ ಇಂದು 290 ಮೆಗಾವ್ಯಾಟ್. ಅಷ್ಟು ಬೆಳಕಿಗಾಗಿ ಎಷ್ಟು ಮಾಡಗಳು ಹೋದವೆಂದು ಲೆಕ್ಕ ಹಾಕಿದವರಿಲ್ಲ. ಹೊಸ ಮನೆಗಳ ಗೋಡೆಯಲ್ಲಿ ಯಾರೂ ದೀಪದ ಮಾಡ ಬಿಡುವುದಿಲ್ಲ, ಬಿಡಬೇಕೆಂದು ನಾನೂ ಹೇಳುವುದಿಲ್ಲ. ಆ ಮಾಡ ಮಾಡುತ್ತಿದ್ದ ಕೆಲಸವನ್ನು ಈಗ ನೀವು ಮಾಡಬೇಕು ಎಂದಷ್ಟೇ ಹೇಳುತ್ತೇನೆ.

ಮೊಮ್ಮಗಳಿಗೆ ಈ ಬರಹವನ್ನು ಅವಳ ಅವ್ವ ಓದಿ ಹೇಳಲಿ. ಅಂದಿನ ನನ್ನ ಸಿಟ್ಟಿಗೆ ಕಾರಣ ಅವಳಲ್ಲ ಎಂದೂ ಹೇಳಲಿ. ಮುಂದಿನ ದೀಪಾವಳಿಗೆ ಬರುವಾಗ ಅವಳಿಗಾಗಿ ನಮ್ಮ ಹಳೆಯ ಕಂದೀಲನ್ನು ಬೂದಿಯಲ್ಲಿ ಉಜ್ಜಿ ತರುತ್ತೇನೆ. ಗಾಜು ಒರೆಸುವುದನ್ನು ಅವಳಿಗೆ ನಾನೇ ಕಲಿಸುತ್ತೇನೆ.

ಎಲ್ಲರಿಗೂ ಶುಭವಾಗಲಿ.